ಜೋಡ್ನಳಿ ಬಂದೂಕಿಗಿ ಸ್ಪೇರ್ ಸಿಗ್ತಾವೇನು?

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಚಹಾದಂಗಡಿ. ಗೌಡನ ಎರಡು ನಳಿಯ ಹಳೆ ಬಂದೂಕು ಮನೆಯಲ್ಲಿ ಬೀಗದೊಳಗಿದೆ. ಮೇಜಿನ ಮೇಲಿರುವುದು ಅದರ ಫೋಟೋ ತುಂಬಿದ ಗೌಡನ ಮೊಬೈಲು, ಸುಸಲಾ, ಮಿರ್ಚಿ. ಸುತ್ತ ಕೂತವರು ಐಟಿಐ ಫಿಟ್ಟರ್ ಮಾಸ್ತರ, ಲೇಥ್ ಖಾಜಾ, ವಕೀಲ.

ಗೌಡ: ಖಾಜಾ, ಒಂದು ಸ್ಪ್ರಿಂಗ್ ಮಾಡಿಕೊಡೋ. ಅಜ್ಜ ಇದ್ದಾಗಿಂದ್ಲೂ ಹಿಂಗೇ ಅದ. ಬಲಗಡಿ ನಳಿ ಹೊಡೀತದ, ಎಡಗಡಿದು ‘ಟಿಕ್’ ಅಂತದ, ಅಷ್ಟ. ಕಾರ್ತೂಸಿನ ಹಿಂದಿನ ಕಿಡಿ ಹಾರಿಸೋ ಟೋಪಿ ಮ್ಯಾಲ ಸೊಳ್ಳಿ ಕಡದಂಗ ಗುರ್ತು.

ಮಾಸ್ತರ: ಸ್ಪ್ರಿಂಗ್ ಹೋಗ್ಯದಂತ ನಿನಗ ಹೆಂಗ ಗೊತ್ತಾತು? ಕಾರ್ತೂಸು ಹಾಕಾಕ ನಳಿ ಬಗ್ಗಿಸುವಾಗ ಎಡಗಡಿ ಬಿಗಿ ಹತ್ತದೋ ಇಲ್ಲೋ?

ಗೌಡ: ಹತ್ತದ. ಎರಡೂ ಕಡಿ ಸರೀಕ ಹತ್ತದ.

ಮಾಸ್ತರ: ಹಂಗಾದ್ರ ಸ್ಪ್ರಿಂಗ್ ಜೀವಂತ ಅದ. ಮುರದಿದ್ರ ಆ ಕಡಿ ಸಡಲ ಬರ್ತಿತ್ತು. ಒಳಗ ಎಣ್ಣಿ ಯಾವುದು ಬಿಡ್ತೀರಿ?

ಗೌಡ: ಕುಸುಬಿ ಎಣ್ಣಿ. ಗಾಣದ್ದು, ಶುದ್ಧ!

(ಮೂವರೂ ಗ್ಲಾಸು ಕೆಳಗಿಟ್ಟರು.)

ಖಾಜಾ: ಯಪ್ಪಾ, ಬಂದೂಕಿಗಿ ಒಗ್ಗರಣಿ ಹಾಕ್ಯಾನ.

ಮಾಸ್ತರ: ಕುಸುಬಿ ಎಣ್ಣಿ ಗಾಳಿ ತಾಗಿದ್ರ ಒಣಗಿ ಪದರ ಕಟ್ತದ. ಅದಕ್ಕೇ ಬಣ್ಣ, ವಾರ್ನಿಶ್ ಮಾಡೋರು ಅದನ್ನ ವಾಪರಿಸ್ತಾರ. ವರ್ಷಾನುಗಟ್ಲೆ ಹಾಕಿದ್ರ ಲಾಕಿನೊಳಗ, ಅಂದ್ರ ಹೊಡಿಯೋ ಯಂತ್ರದಾಗ, ಕಂದು ಗೋಂದು. ಒಳಗಿನ ಸುತ್ತಿಗಿ, ಹ್ಯಾಮರು, ಅದರ ಅರ್ಧ ಜೋರು ಆ ಗೋಂದಿನಾಗೇ ಸಾಯ್ತದ. ಟೋಪಿಗಿ ಉಳಿಯೋದು ಬರೇ ಚಿವುಟು. ಮೊದಲು ತೊಳೀಬೇಕು: ಕುಂದಾ (ಹಿಂದಿನ ಕಟ್ಟಿಗಿ ಹಿಡಿ) ಬಿಚ್ಚಿ, ಲಾಕನ್ನ ಸೀಮೆಎಣ್ಣಿ ಇಲ್ಲಾ ಟರ್ಪೆಂಟೈನಿನಾಗ ಒಂದು ರಾತ್ರಿ ಇಟ್ಟು, ಹಲ್ಲುಜ್ಜೋ ಬ್ರಷ್ ಹಚ್ಚಿ, ಪೂರಾ ಒಣಗಿಸಿ, ಹೊಲಿಗಿ ಮಷೀನಿನ ತೆಳು ಎಣ್ಣಿ ತಿರುಗೋ ಜಾಗಕ್ಕ ಒಂದೊಂದು ಹನಿ. ಹನಿ ಅಂದ್ರ ಹನಿ, ಚಮಚ ಅಲ್ಲ. ಹೆಚ್ಚಾದ ಎಣ್ಣಿ ಹಿಂದಕ್ಕ ಹರದು ಕುಂದಾದ ಕಟ್ಟಿಗಿಗಿ ಇಳೀತದ.

ಗೌಡ: ಅಷ್ಟೇನಾ? ಮನ್ಯಾಗ ಸ್ಕ್ರೂಡ್ರೈವರ್ ಅದ, ಇವತ್ತೇ...

ಖಾಜಾ: ಮುಟ್ಟಬ್ಯಾಡ! ಈ ಫೋಟೋ ನೋಡು, ಟ್ರಿಗರ್ ಗಾರ್ಡಿನ ಸ್ಕ್ರೂ ತಲಿ ಯಾರೋ ತಿಂದು ಹಾಕ್ಯಾರ. ಹಳೆ ಬಂದೂಕಿನ ಸ್ಕ್ರೂ ಗೀರು ಹಾಳಿ ಹಂಗ ಸಣ್ಣದು, ಅರ್ಧ ಮಿಲಿಮೀಟರ್ ಆಸುಪಾಸು. ಬಜಾರಿನ ಸ್ಕ್ರೂಡ್ರೈವರ್ ತುದಿ ಬೆಣೆ ಆಕಾರದ್ದು, ಗೀರಿನ ಬಾಯಾಗ ಮಾತ್ರ ಕೂಡ್ತದ, ತಿರುವಿದ್ರ ಮ್ಯಾಲೇಳ್ತದ, ತಲಿ ಕಿತ್ತು ಬರ್ತದ. ತುದೀನ ಎರಡೂ ಕಡಿ ಗ್ರೈಂಡರಿನ ಚಕ್ರದ ಮ್ಯಾಲ ಒಳಗ ಸವೆಸಿ, ಗೀರಿನ ತಳಕ್ಕ ಸಮ ಕೂಡಂಗ ಮಾಡಬೇಕು. ಅಗಲ ಸ್ಕ್ರೂ ತಲಿಯಷ್ಟೇ, ಒಂದು ಕೂದಲೂ ಹೆಚ್ಚಿಲ್ಲ. ಬಿಗಿ ಹಿಡದಿದ್ರ ಸಂದಿಗಿ ಇಳಿಯೋ ತೆಳು ಎಣ್ಣಿ ಬಿಟ್ಟು ಎರಡು ದಿನ ಸುಮ್ಮ ಇರು. ಆಮ್ಯಾಲ ಬಿಸಿ ಸೋಲ್ಡರಿಂಗ್ ಐರನ್ ಸ್ಕ್ರೂ ತಲಿಗಿ ಹಿಡಿ. ಮತ್ತ ತೆಗದ ಪ್ರತಿ ಸ್ಕ್ರೂ ಹಲಗಿ ಮ್ಯಾಲ ತೂತು ಕೊರದು ಅದರ ಜಾಗದಾಗೇ ನಿಲ್ಲಿಸು. ಎರಡು ಒಂದೇ ಥರ ಕಾಣ್ತಾವ, ಒಂದಕ್ಕೊಂದು ಕೂಡಲ್ಲ.

ವಕೀಲ: ನಿನ್ನ ಫೈಲ್, ಗ್ರೈಂಡರ್ ಕೆಳಗಿಡು, ನನ್ನ ಫೈಲ್ ಕೇಳು. 1959ರ ಆಯುಧ ಕಾಯ್ದೆ 5ನೇ ಕಲಂ: ಬಂದೂಕ ರಿಪೇರಿ ಮಾಡೋದಕ್ಕೂ ಲೈಸೆನ್ಸ್ ಬೇಕು, ಮಾರೋದಕ್ಕಷ್ಟೇ ಅಲ್ಲ. ಗೌಡ ತನ್ನ ಬಂದೂಕ ಒರೆಸಿ ಎಣ್ಣಿ ಹಚ್ಚಿದ್ರ ಯಾರೂ ಕೇಳಲ್ಲ. ಖಾಜಾನ ಲೇಥಿನ ಮ್ಯಾಲ ಅದರ ಸ್ಟ್ರೈಕರ್, ಟೋಪಿಗಿ ಬಡಿಯೋ ಕಡ್ಡಿ, ತಿರುಗಿದ್ರ ಖಾಜಾ ಒಳಗ, ಗೌಡ ಅವನ ಹಿಂದ. ರಿಪೇರಿ ಲೈಸೆನ್ಸ್ ಇದ್ದ ಕಾರಿಗರನ ಹತ್ರನೇ ಕೊಡಬೇಕು.

ಖಾಜಾ: ನಾ ಮಾಡ್ತೀನಂತ ಎಲ್ಲಿ ಹೇಳೀನಿ? ನಾ ಬಾಯಿಲೇ ಮಾಡ್ಲಾಕತ್ತೀನಿ, ಅದಕ್ಕ ಕಲಂ ಇಲ್ಲಲ್ಲ!

ಗೌಡ: ತೊಳದ ಮ್ಯಾಲೂ ಟಿಕ್ ಅಂದ್ರ?

ಮಾಸ್ತರ: ಹಂಗಾದ್ರ ಸ್ಟ್ರೈಕರ್ ನೋಡಬೇಕು. ನಳಿ ಬಿಚ್ಚಿದಾಗ ಎದುರಿಗಿ ಕಾಣೋ ಗೋಡಿ ಅದಲ್ಲ, ಅದರಾಗ ಸ್ಟ್ರೈಕರ್ ಹೊರಬರೋ ತೂತಿನ ಸುತ್ತ ಗುಂಡನ ಬಿಲ್ಲಿ, ಅದರಾಗ ಎರಡು ಸಣ್ಣ ಕುಳಿ ಅದಾವೇನು? ಝೂಮ್ ಮಾಡು... ಅದಾವ. ನಸೀಬ್ ಛೊಲೋ ಅದ. ಎರಡು ಮೊಳಿಯ ಚಾವಿ ಹಚ್ಚಿ ಬಿಲ್ಲಿ ತಿರುವಿದ್ರ ಸ್ಟ್ರೈಕರ್ ಮುಂದಿನಿಂದನೇ ಬರ್ತದ, ಕುಂದಾ ಬಿಚ್ಚೋದೇ ಬ್ಯಾಡ. ಇದು ಆನ್ಸನ್ ಆ್ಯಂಡ್ ಡೀಲಿ ನಮೂನಿ ಬಾಕ್ಸ್‌ಲಾಕ್ (ಲಾಕ್ ನಡುವಿನ ಉಕ್ಕಿನ ಪೆಟಿಗ್ಯಾಗೇ ಇರೋದು), 1875ರ ಪೇಟೆಂಟಿಂದು. ಈ ನಮೂನಿಯ ಎಷ್ಟೋ ಬಂದೂಕದಾಗ ಹ್ಯಾಮರಿನ ಮೂಗೇ ಸ್ಟ್ರೈಕರ್. ಅದು ಸವೆದ್ರ ಪೂರಾ ಹ್ಯಾಮರಿಗೇ ಕೈ ಹಾಕಬೇಕು.

ಖಾಜಾ: ಹೊರಗ ಬರೋ ಮೂಗು 1.3ರಿಂದ 1.5 ಮಿಲಿಮೀಟರ್, ತುದಿ ಸುಮಾರು 2 ಮಿಲಿ ದಪ್ಪ, ಅರ್ಧ ಗೋಲದಂಗ ನುಣುಪು. ಕಡಿಮಿಯಾದ್ರ ಟಿಕ್. ಹೆಚ್ಚಾದ್ರ, ಇಲ್ಲಾ ಚೂಪಾದ್ರ ಟೋಪಿ ತೂತು ಬಿದ್ದು ಬಿಸಿ ಗ್ಯಾಸ್ ಹಿಂದಕ್ಕ ನುಗ್ತದ, ನಿನ್ನ ಕಣ್ಣಿನ ಕಡಿಗೇ. ಮೊಳಿ ಕತ್ತರಿಸಿ ಸ್ಟ್ರೈಕರ್ ಮಾಡೋ ಮಹಾನುಭಾವರಿದ್ದಾರ. ಮೊಳಿ ಮೆತ್ತಗಿನ ಕಬ್ಬಿಣ, ಹೊಡತಕ್ಕ ತಲಿ ಊದಿ ತೂತಿನಾಗೇ ಸಿಕ್ಕೊಂತದ. ಸಿಕ್ಕಿದ ಮೂಗು ಹೊರಗೇ ಇದ್ದು, ನೀ ಬಂದೂಕ ಮುಚ್ಚಿದ ಕೂಡ್ಲೇ ಢಂ! ಸಿಲ್ವರ್ ಸ್ಟೀಲ್ ಅನ್ನೋ ಗಡಸು ಉಕ್ಕು ಆಗಬೇಕು, ಕೆಂಪು ಕಾಯಿಸಿ ಎಣ್ಣ್ಯಾಗ ಅದ್ದಿ, ಆಮ್ಯಾಲ ಮೈ ನೀಲಿ ಬರೋತನ ಸಣ್ಣಗ ಕಾಯಿಸಿ ಹದ ಇಳಿಸಬೇಕು.

ಗೌಡ: ಸ್ಪ್ರಿಂಗ್ ಮುರದಿದ್ರೂ ಹಂಗೇ ಏನು?

ಖಾಜಾ: ಅದು ಇನ್ನೂ ನಾಜೂಕು. ವಿ ಆಕಾರದ ಪಟ್ಟಿ ಸ್ಪ್ರಿಂಗ್. ಸ್ಪ್ರಿಂಗ್ ಸ್ಟೀಲನ್ನ ಫೈಲಿನಿಂದ ತುದಿ ಕಡಿ ತೆಳ್ಳಗ ಇಳಿಸಿ, ಗೀರು ಒಂದೂ ಉಳೀದಂಗ ಪಾಲಿಶ್ ಮಾಡಿ, ಆಮ್ಯಾಲ ಬಗ್ಗಿಸಬೇಕು. ಅಡ್ಡ ಗೀರು ಒಂದು ಉಳೀತೋ, ಮುರಿಯೋದು ಅಲ್ಲೇ. ತುಕ್ಕಿನ ಕುಳಿ ಬಿದ್ದ ಸ್ಪ್ರಿಂಗ್ ಮುರಿಯೋದೂ ಅದಕ್ಕೇ. ಹದ ಇಳಿಸಾಕ ಹಳೆ ಕಾರಿಗರು ಕರಗಿದ ಸೀಸದಾಗ ಮುಳುಗಿಸ್ತಿದ್ರು. ಸೀಸ ಕರಗೋದು 327 ಡಿಗ್ರಿಗಿ, ಹಂಗಾಗಿ ಥರ್ಮಾಮೀಟರ್ ಇಲ್ಲದೇನೇ ಅಂದಾಜು ಸಿಗ್ತಿತ್ತು. ಬಂದೂಕಿನಿಂದ ಹೊರಗ ತೆಗಿಯುವಾಗ ಸ್ಪ್ರಿಂಗ್ ವೈಸ್‌ನಾಗ ಒತ್ತಿ ಹಿಡದು ತೆಗೀಬೇಕು. ಇಕ್ಕಳ ಹಚ್ಚಿದ್ರ ಅದು ಹಾರೋ ದಿಕ್ಕು ಯಾವಾಗ್ಲೂ ಮಾರಿ ಕಡೀನೇ.

ಗೌಡ: ಇಷ್ಟ್ಯಾಕ? ಇಂಗ್ಲೆಂಡಿನಿಂದ ತಯಾರ ಸ್ಪೇರೇ ತರಸ್ತೀನಿ. ನೆಟ್ಟಿನಾಗ ಕಂಡೀನಿ, ಕೊರಿಯರಿಗಿ...

ವಕೀಲ: ಕಾಯ್ದೆದಾಗ ಆಯುಧ ಅಂದ್ರ ಅದರ ಬಿಡಿಭಾಗನೂ ಸೇರ್ತದ. ಕೊರಿಯರ್ ಹುಡುಗನ ಬದಲಿ ಕಸ್ಟಮ್ಸಿನವರು ಬರ್ತಾರ. ಆಮದಿಗಿ ಬ್ಯಾರೆ ಲೈಸೆನ್ಸ್ ಬೇಕು.

ಮಾಸ್ತರ: ತಂದ್ರೂ ಕೂಡಲ್ಲ. ಇವನ್ನ ಕೈಲೇ ಫೈಲ್ ಹೊಡದು ಕೂಡಿಸ್ಯಾರ. ಒಂದೇ ಕಂಪನಿ, ಒಂದೇ ವರ್ಷದ ಎರಡು ಬಂದೂಕದ ಟಾಪ್ ಲಿವರ್ (ಬಂದೂಕ ಬಿಚ್ಚೋ ಮ್ಯಾಲಿನ ಹಿಡಿ) ಅದಲಿ ಬದಲಿ ಮಾಡಿದ್ರ ಎರಡೂ ಮುಚ್ಚಲ್ಲ. ಸಿಗೋ ಸ್ಪೇರ್ ಅಂದ್ರ ಅರೆಬರೆ ರೂಪದ್ದು, ದಪ್ಪ ಇಟ್ಟಿರ್ತಾರ; ಮಸಿ ಹಚ್ಚಿ ಕೂಡಿಸಿ, ಮಸಿ ಅಂಟಿದಲ್ಲಿ ಸವೆಸಿ, ಮತ್ತ ಮಸಿ, ಮತ್ತ ಫೈಲು. ಕಾರಿಗರ ರೊಕ್ಕ ಕೇಳೋದು ಕಬ್ಬಿಣಕ್ಕಲ್ಲ, ಈ ಮಸಿ ಕೆಲಸಕ್ಕ. ಮುರದ ತುಂಡು ಎಷ್ಟೇ ಪುಡಿ ಇರ್ಲಿ, ಒಗಿಬ್ಯಾಡ, ಅದೇ ನಕ್ಷಾ.

ಗೌಡ: ನಳಿ ಮ್ಯಾಲ ಮುಂಬೈ ಅಂಗಡಿ ಹೆಸರದ. ಮುಂಬೈದಾಗೇ ಮಾಡಿರಬೇಕಲ್ಲ?

ಮಾಸ್ತರ: ಮಾರಿದವರ ಹೆಸರು ಅದು. ಹುಟ್ಟು ಗೊತ್ತಾಗಬೇಕಂದ್ರ ನಳಿ ಬಿಚ್ಚಿ ಹೊಟ್ಟಿ ಕೆಳಗ ಚಪ್ಪಟೆ ಜಾಗ ನೋಡು. ಕಿರೀಟದ ಗುರ್ತು, ‘ನೈಟ್ರೋ ಪ್ರೂಫ್’ (ಹೊಗಿ ಕಾಣದ ಈಗಿನ ಮದ್ದಿಗಿ ತಾಳ್ತದಂತ ಗುರ್ತು) ಅಂತ ಇದ್ರ ಇಂಗ್ಲೆಂಡಿನ ಪರೀಕ್ಷಾ ಆಗ್ಯದ. ಅಂಡಾಕಾರದಾಗ ‘ಇ ಎಲ್ ಜಿ’ ಇದ್ರ ಬೆಲ್ಜಿಯಂನ ಲೀಜ್. ಹೊಗಿ ಕಾಣದ ಮದ್ದಿನ ಗುರ್ತು ಇಲ್ಲಂದ್ರ ಅದು ಕರಿಮದ್ದಿನ ಕಾಲದ್ದು, ಈಗಿನ ಕಾರ್ತೂಸು ಹಾಕಬ್ಯಾಡ. ನಳಿ ಮ್ಯಾಲ ಅಲೆ ಅಲೆ ಡಿಸೈನ್ ಇದ್ರ ಡಮಾಸ್ಕಸ್, ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸದ ನಳಿ, ಅದಕ್ಕಂತೂ ಎರಡು ಪಟ್ಟು ಎಚ್ಚರ. ಇದರಾಗ ಇನ್ನೊಂದು ಮೋಸ ಅದ, ಚೇಂಬರ್ ಉದ್ದ, ಅಂದ್ರ ಕಾರ್ತೂಸು ಕೂಡೋ ಗೂಡಿನ ಉದ್ದ. ಎಷ್ಟೋ ಹಳೇವು ಎರಡೂವರೆ ಇಂಚು, ಸುಮಾರು 65 ಮಿಲಿ. ಈಗಿನ ಕಾರ್ತೂಸು ಸಾಮಾನ್ಯ 70 ಮಿಲಿ.

ಗೌಡ: ಸರಳ ಒಳಗ ಹೋಗ್ತದಲ್ಲ!

ಮಾಸ್ತರ: ಅದೇ ಮೋಸ! ಹೋಗ್ತದ, ಯಾಕಂದ್ರ ಬಾಯಿ ಮಡಚಿದಾಗ ಅದು ಗಿಡ್ಡ. 70 ಅನ್ನೋದು ಹೊಡದ ಮ್ಯಾಲ ಬಿಚ್ಚಿಕೊಂಡಾಗಿನ ಉದ್ದ. ಬಿಚ್ಚಾಕ ಜಾಗ ಸಾಲದೆ ಬಾಯಿ ಮುಂದಿನ ಇಕ್ಕಟ್ಟಿನಾಗ ಸಿಕ್ತದ, ಛರ್ರಾ (ಒಳಗಿನ ಸಣ್ಣ ಗುಂಡು) ಹೋಗೋ ದಾರಿ ಸಣ್ಣದಾಗ್ತದ, ಒತ್ತಡ ಏರ್ತದ. ಗೇಜ್ ಹಚ್ಚಿ ಅಳಿಸು.

ಖಾಜಾ: ಈ ವಿಡಿಯೋದಾಗ ನಳಿ ಅಲುಗ್ಯಾಡ್ಲಾಕತ್ತದೇನು?

ಗೌಡ: ಇಲ್ಲ, ಗಟ್ಟಿ ಅದ.

ಖಾಜಾ: ಮುಂದಿನ ಕಟ್ಟಿಗಿ, ಫೋರ್‌ಎಂಡ್, ತೆಗದು ನೋಡಬೇಕು. ಅದರ ಸ್ಪ್ರಿಂಗ್ ಒತ್ತಿ ಹಿಡದು ಸಡಲ ಮುಚ್ಚಿಡ್ತದ. ತೆಗದು, ಬಂದೂಕ ಮುಚ್ಚಿ, ನಳಿ ಹಿಡದು ಪಕ್ಕಕ್ಕ ಅಲ್ಲಾಡ್ಸು. ಆಮ್ಯಾಲ ಸಿಗರೇಟ್ ಸುತ್ತೋ ತೆಳು ಕಾಗದ ನಳಿ ಮತ್ತ ಗೋಡಿ ನಡುವ ಇಟ್ಟು ಮುಚ್ಚು. ಜಾರಿ ಬಂತೋ, ಕೀಲು ಸವೆದದ. ದಪ್ಪ ಹೊಸ ಕೀಲು ಹಾಕೋದು ಖರೆ ಕೆಲಸ. ಸುತ್ತಿಗಿಲೇ ಕಬ್ಬಿಣ ಬಡದು ಉಬ್ಬಿಸೋದು ಮಾರೋವರಿಗಷ್ಟೇ ಬರೋ ವಿದ್ಯಾ, ನೂರು ಏಟಿನಾಗ ಮತ್ತ ಸಡಲ.

ವಕೀಲ: ಕುಂದಾ ಸೀಳ್ಯದಲ್ಲ, ಅದು?

ಮಾಸ್ತರ: ನಮ್ಮೂರ ಬಿಸಲು. ಏಪ್ರಿಲ್, ಮೇದಾಗ 42–43 ಡಿಗ್ರಿ, ಕಟ್ಟಿಗಿ ಒಣಗಿ ಕುಗ್ತದ, ಸ್ಕ್ರೂ ಸಡಲ ಆಗ್ತದ. ಆಮ್ಯಾಲ ಹೊಡದ್ರ ಒದತ ಪೂರಾ ಸಣ್ಣ ಜಾಗದ ಮ್ಯಾಲ ಬಿದ್ದು ಕತ್ತಿನ ಹಿಂದ ಸೀಳು. ಆ ಸೀಳಿನಾಗ ಮೊದಲೇ ಎಣ್ಣಿ ಇಳದಿರ್ತದ, ಗೋಂದು ಹಿಡಿಯಲ್ಲ. ಸುಣ್ಣದ ಕಲ್ಲಿನ ಬಿಳಿ ಪುಡಿ ಅಸಿಟೋನಿನಾಗ ಕಲಸಿ ಬಳದು ಒಣಗಿಸು. ಪುಡಿ ಹಳದಿ ಆಗ್ತದ, ಉಜ್ಜಿ ತೆಗಿ, ಮತ್ತ ಬಳಿ. ಬೆಳ್ಳಗೇ ಉಳಿಯೋತನ. ಆಮ್ಯಾಲ ನಿಧಾನ ಗಟ್ಟಿಯಾಗೋ ಎಪಾಕ್ಸಿ ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಸೀಳಿನಾಗ ಇಳಿಸಿ, ಸೈಕಲ್ ಟ್ಯೂಬ್ ಬಿಗಿ ಸುತ್ತಿ ಒಂದು ದಿನ ಬಿಡು. ಹೊಳಪಿಗಿ ಅಗಸಿ ಎಣ್ಣಿ, ಕುದಿಸಿದ್ದು, ಅಂಗೈಯಾಗ ಎರಡೇ ಹನಿ. ನೋಡು, ಒಣಗೋ ಎಣ್ಣಿ ಬೇಕಾದ ಜಾಗ ಇದು! ಹೊಸ ಕುಂದಾ ಆದ್ರ ಅಕ್ರೋಟ. ಸಾಗವಾನಿ ಬ್ಯಾಡ, ಒದತಕ್ಕ ಸೀಳ್ತದ.

ಗೌಡ: ನಳಿ ಕಪ್ಪು ಹೋಗ್ಯದ. ಬೀದರಿನಾಗ ಬಿದರಿ ಕೆಲಸದವರು ಕಿಲ್ಲಾದ ಮಣ್ಣು ಹಚ್ಚಿ ಕಪ್ಪಗ ಮಾಡ್ತಾರಲ್ಲ, ಅಲ್ಲೇ ಒಯ್ದು...

ಖಾಜಾ: ಹ್ಞಾಂ, ಮ್ಯಾಲ ಬೆಳ್ಳಿ ಹೂವೂ ಹಾಕಿಸ್ಕೊಂಡು ಬಾ!

ಮಾಸ್ತರ: ಆ ಮಣ್ಣು, ನವಸಾಗರ ಕಪ್ಪು ಮಾಡೋದು ಸತುವಿನ ಮೈಗಿ. ಉಕ್ಕಿಗಿ ನವಸಾಗರ ಹಚ್ಚಿದ್ರ ಬರೇ ತುಕ್ಕು. ಕಾರ್ಖಾನಿಯಾಗ ಉಕ್ಕು ಕಪ್ಪು-ನೀಲಿ ಮಾಡೋ ಬಿಸಿ ಬ್ಲೂಯಿಂಗ್ ತೊಟ್ಟಿನೂ ಜೋಡ್ನಳಿಗಿ ವಿಷ. ನಳಿಗಳ ನಡುವಿನ ಪಟ್ಟಿ ಬೆಸದದ್ದು ತವರ-ಸೀಸದ ಬೆಸುಗೆಲೇ. ಆ ಕಾಸ್ಟಿಕ್ ಉಪ್ಪು ಬೆಸುಗಿ ತಿಂದು, ಪಟ್ಟಿ ಕೆಳಗ ಸೇರಿ ಒಳಗಿನಿಂದ ಕೊರೀತದ. ಸರಿ ದಾರಿ ಹಳೇದೇ: ತೆಳ್ಳಗ ತುಕ್ಕು ಹಿಡಿಸಿ, ಕುದಿಯೋ ನೀರಿನಾಗ 20–30 ನಿಮಿಷ. ಕೆಂಪು ತುಕ್ಕು ಕರಿ ಆಗ್ತದ. ಸಣ್ಣ ಎಳಿಯ ಸ್ಟೀಲ್ ವೂಲಿಲೇ ಒರೆಸಿ ಮತ್ತ ಹಿಡಿಸು. ನಮ್ಮ ಬೋರಿನ ನೀರು ಬ್ಯಾಡ, ಬಿಳಿ ಕಲೆ ಕೂಡ್ತದ, ಡಿಸ್ಟಿಲ್ಡ್ ನೀರು. ಪಟ್ಟಿ ಬಿಟ್ಟದೋ ಇಲ್ಲೋ ಅಂತ ಮೊದಲೇ ನೋಡು: ನಳಿ ದಾರಕ್ಕ ತೂಗಬಿಟ್ಟು ಬೆರಳ ಗಂಟಿಲೇ ಬಡಿ. ಗಂಟಿ ಹಂಗ ಉಲಿದ್ರ ಗಟ್ಟಿ, ಗೊರಗೊರ ಅಂದ್ರ ಬಿಟ್ಟದ.

ವಕೀಲ: ಎಲೆಕ್ಷನ್ ಬಂದಾಗ ಠಾಣಾದಾಗ ಜಮಾ ಮಾಡಿದ್ದಕ್ಕೇ ಎಷ್ಟೋ ಬಂದೂಕ ತುಕ್ಕು ಹಿಡೀತಾವ.

ಖಾಜಾ: ಠಾಣಾ ಅಲ್ಲ, ರೆಗ್ಜಿನ್ ಚೀಲ! ಒಳಗಿನ ಸ್ಪಂಜು ಹಸಿ ಹಿಡದಿಡ್ತದ. ಹತ್ತಿ ಬಟ್ಟೀಗಿ ಎಣ್ಣಿ ಒರೆಸಿ ಸುತ್ತಿ ಕೊಡು, ಪ್ಲಾಸ್ಟಿಕ್ ಬ್ಯಾಡ.

ಗೌಡ: ಆಯ್ತಪ್ಪಾ, ನಾಳಿ ಸೋಮವಾರ ಹೈದರಾಬಾದಿನ ಲೈಸೆನ್ಸ್ ಅಂಗಡಿಗಿ ಒಯ್ತೀನಿ.

ವಕೀಲ: ಲೈಸೆನ್ಸಿನ ಮುದತ್ತು ಯಾವಾಗಿನತನ ಅದ?

ಗೌಡ: ಅದು... ಅಜ್ಜನ ಹೆಸರಿಲೇ ಅದ. ಅಜ್ಜ ಹೋಗಿ ಮೂರು ತಿಂಗಳಾತು.

(ಖಾಜಾ ತಲೆ ಮೇಲೆ ಕೈ ಇಟ್ಟ. ಮಾಸ್ತರ ಮೊಬೈಲನ್ನು ಮಗುಚಿ ಹಾಕಿದರು.)

ವಕೀಲ: ಮೂರು ತಾಸಿನಿಂದ ಸ್ಟ್ರೈಕರಿನ ಮೂಗು ಅಳೀಲಾಕತ್ತೀರಿ, ಇಲ್ಲಿ ಗೌಡನ ಮೂಗಿಗೇ ಬಂದದ! ಹೈದರಾಬಾದ್ ಗಿಯ್ದರಾಬಾದ್ ಏನಿಲ್ಲ, ರಾಜ್ಯ ದಾಟೋದಂತೂ ಬ್ಯಾಡೇ ಬ್ಯಾಡ. 21ನೇ ಕಲಂ ಪ್ರಕಾರ ತಡ ಮಾಡದೇ ಠಾಣಾದಾಗ ಇಲ್ಲಾ ಲೈಸೆನ್ಸ್ ಡೀಲರ್ ಹತ್ರ ಜಮಾ ಮಾಡು. ಮೊದಲು ಠಾಣಾಕ್ಕ ಹೋಗಿ ಮಾತಾಡು, ಬಂದೂಕ ಹೆಂಗ ತರಬೇಕಂತ ಅವರೇ ಹೇಳ್ಲಿ. ಆಮ್ಯಾಲ ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗಿ ಹಚ್ಚಿ ಲೈಸೆನ್ಸ್ ಕೊಡೋ ಆಫೀಸಿಗಿ ಅರ್ಜಿ. ನಿನ್ನ ಹೆಸರಿಗಿ ಬರೋತನ ರಿಪೇರಿ ಮಾತೇ ಇಲ್ಲ.

ಮಾಸ್ತರ: ರಸೀದ್ಯಾಗ ಕುಂದಾ, ನಳಿ, ಫೋರ್‌ಎಂಡ್ ಮೂರೂ ಬ್ಯಾರೆ ಬ್ಯಾರೆ ಬರಸು, ಮೂರರ ನಂಬರ್ ಸಮೇತ. ಒಂದೇ ‘ಬಂದೂಕ’ ಅಂತ ಬರೆದ್ರ ವಾಪಸ್ ಬರುವಾಗ ಫೋರ್‌ಎಂಡ್ ಕಪಾಟಿನಾಗೇ ಉಳೀತದ, ಅದರ ಸ್ಪೇರ್ ಹುಡುಕಾಕ ಮತ್ತ ಇಲ್ಲೇ ಮಿರ್ಚಿ ತಿನಿಸ್ತೀ.