ಸಹಾಯ ಬೇಕು: ಕೋಡಿಂಗ್ ಬಿಟ್ಟು ನಕ್ಷೆ ಕೆಲಸಕ್ಕೆ ಹೋದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ 9 ವರ್ಷದಿಂದ ಜಾವಾ ಡೆವಲಪರ್ ಆಗಿದ್ದೇನೆ. ಸಂಬಳ ಪರವಾಗಿಲ್ಲ, ಆದರೆ ಮನಸ್ಸು ನಿಲ್ಲುತ್ತಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಬ್ಯಾಂಕ್ ಸಾಫ್ಟ್‌ವೇರ್‌ನ ಬಗ್ ಸರಿಮಾಡುವುದೇ ಆಗಿದೆ.

ದಸರಾ ರಜೆಯಲ್ಲಿ ಊರಿಗೆ ಹೋದಾಗ ಕ್ಯೂಜಿಐಎಸ್ ಹಾಕಿಕೊಂಡೆ. ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್ ಅದು. ಉಪಗ್ರಹದಿಂದ ಅಳೆದ ಎತ್ತರದ ಮಾಹಿತಿ ಇಳಿಸಿಕೊಂಡು, ನಮ್ಮೂರ ಕೆರೆಗೆ ನೀರು ಎಲ್ಲಿಂದ ಹರಿದು ಬರುತ್ತದೆ ಅಂತ ಗುರುತು ಮಾಡಿದೆ. ಪರದೆ ಮೇಲೆ ಒಂದು ನೀಲಿ ಗೆರೆ ಮೂಡಿತು. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ, 'ಹಳೇ ಕಾಲುವೆ ಇದ್ದದ್ದು ಇಲ್ಲೇ ಕಣೋ' ಅಂದರು. ಈಗ ಅಲ್ಲಿ ಮುಳ್ಳುಗಿಡ ಬೆಳೆದು ಮುಚ್ಚಿಹೋಗಿದೆ. ಇಂಥ ಕೆಲಸವನ್ನೇ ದಿನಾ ಮಾಡಬೇಕು ಅನ್ನಿಸಿದೆ.

ಪೈಥಾನ್ ಚೆನ್ನಾಗಿ ಬರುತ್ತದೆ. ಡೇಟಾಬೇಸ್ ಗೊತ್ತು, ಹಾಗಾಗಿ ಪೋಸ್ಟ್‌ಜಿಐಎಸ್ (ನಕ್ಷೆಯ ಮಾಹಿತಿ ಇಡುವ ಡೇಟಾಬೇಸ್) ಕಲಿಯುವುದು ಕಷ್ಟ ಆಗಲಿಕ್ಕಿಲ್ಲ. ಆದರೆ ಭೂಗೋಳ, ಜಲವಿಜ್ಞಾನ ಓದಿಲ್ಲ. ಎಂ.ಟೆಕ್ ಮಾಡಲೇಬೇಕಾ, ಅಥವಾ ಮಾಡಿದ ನಕ್ಷೆ ತೋರಿಸಿದರೆ ಸಾಕಾ? ಜಲಾನಯನ ಕೆಲಸ (ಮಳೆನೀರು ಹರಿದು ಸೇರುವ ಪ್ರದೇಶ ನೋಡಿಕೊಳ್ಳುವುದು) ಮಾಡುವ ಸಂಸ್ಥೆಗಳು ಡೆವಲಪರ್‌ಗಳನ್ನು ತೆಗೆದುಕೊಳ್ಳುತ್ತವಾ? ಶುರುವಿನಲ್ಲಿ ಸಂಬಳ ಎಷ್ಟು ಕಡಿಮೆ ಆಗಬಹುದು? ಮನೆ ಸಾಲ ಇದೆ, ಅದಕ್ಕೇ ಕೇಳುತ್ತಿದ್ದೇನೆ.

ಟೆಕ್ನಿಕಲ್ ರೈಟಿಂಗ್, ಕಾಲೇಜಲ್ಲಿ ಪಾಠ, ಇವನ್ನೂ ಕೆಲವರು ಹೇಳಿದರು. ಅವುಗಳಲ್ಲಿ ಅಷ್ಟು ಆಸೆ ಇಲ್ಲ.

ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಭಾನುವಾರ ಹತ್ತು ನಿಮಿಷ ಫೋನಲ್ಲಿ ಮಾತಾಡಿದರೂ ದೊಡ್ಡ ಉಪಕಾರ.