ಅಪ್‌ಡೇಟ್: ಆ ಬಿಳಿ ಡಬ್ಬಿ ಏನೂಂತ ಗೊತ್ತಾಯ್ತು

ರಸ್ತೆ ಬದಿಯ ಬೇಲಿಯಲ್ಲಿ ದಾರ, ಹರಿದ ರಬ್ಬರ್ ಸಮೇತ ಸಿಕ್ಕ ಪುಟ್ಟ ಡಬ್ಬಿ ಏನು ಅಂತ ಕೇಳಿದ್ದೆನಲ್ಲ, ಅದು ರೇಡಿಯೋಸಾಂಡ್! ಹವಾಮಾನ ಬಲೂನಿಗೆ ಕಟ್ಟಿ ಬಿಡುವ ಉಪಕರಣ. ಡ್ರೋನ್ ಬಿಡಿಭಾಗ ಅಂದವರು ಕ್ಷಮಿಸಿ. ಗುಟ್ಟು ಬಿಟ್ಟುಕೊಟ್ಟಿದ್ದು ಹೊರಗೆ ಚಾಚಿದ್ದ ತೆಳು ಪಟ್ಟಿ. ಉಷ್ಣಾಂಶ, ತೇವಾಂಶ ಅಳೆಯುವ ಸೆನ್ಸರ್‌ಗಳು ಅದರಲ್ಲೇ ಇರುತ್ತವೆ. ಗಾಳಿಯ ವೇಗ, ದಿಕ್ಕು ಜಿಪಿಎಸ್‌ನಿಂದ ಸಿಗುತ್ತದೆ. ಹಾರುತ್ತಿರುವಾಗಲೇ ಎಲ್ಲವನ್ನೂ ರೇಡಿಯೋ ಮೂಲಕ ಕೆಳಗೆ ಕಳಿಸುತ್ತದೆ. ಹಾಗಾಗಿ ಡಬ್ಬಿ ವಾಪಸ್ ಬರಲೇಬೇಕು ಅಂತೇನಿಲ್ಲ.

ಬಲೂನು ಸುಮಾರು 30 ಕಿ.ಮೀ. ಮೇಲೇರುತ್ತದೆ. ಅಲ್ಲಿ ಗಾಳಿಯ ಒತ್ತಡ ತುಂಬಾ ಕಡಿಮೆ, ಉಬ್ಬಿ ಉಬ್ಬಿ ಒಡೆಯುತ್ತದೆ. ಅಷ್ಟು ಮೇಲಿಂದ ಬಿದ್ದೂ ಡಬ್ಬಿ ನೆಟ್ಟಗಿದೆ, ನೋಡಿ!

ಬ್ಯಾಟರಿ ತೆಗೆದು ಇ-ತ್ಯಾಜ್ಯಕ್ಕೆ ಕೊಟ್ಟೆ. ಉಳಿದದ್ದನ್ನು ಮಗಳು ಶಾಲೆಗೆ ಒಯ್ಯುತ್ತಾಳಂತೆ. ಬಾಂಬ್ ಇರಬಹುದು ಅಂತ ಹೆದರಿದ್ದ ಅಮ್ಮನಿಗೂ ಈಗ ನೆಮ್ಮದಿ.