ವಿಂಡೋಸ್ 10 ಬಿಟ್ಟು ಲಿನಕ್ಸ್: ಜಿಟಿಎಕ್ಸ್ 1050 ಟಿಐ ಲ್ಯಾಪ್‌ಟಾಪ್, 400 ಜಿಬಿ ಸ್ಟೀಮ್ ಲೈಬ್ರರಿ, ಏನೇನು ಓಡುತ್ತೆ?

ಕಡ್ಲೆಪುರಿ_1050

ಲ್ಯಾಪ್‌ಟಾಪ್: ಐ5-7300ಎಚ್‌ಕ್ಯೂ, ಜಿಟಿಎಕ್ಸ್ 1050 ಟಿಐ 4 ಜಿಬಿ, 16 ಜಿಬಿ ರ‍್ಯಾಮ್. 128 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 10 ಇದೆ, 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಸ್ಟೀಮ್ ಗೇಮ್‌ಗಳು ಸುಮಾರು 400 ಜಿಬಿ. ಪ್ರೊಸೆಸರ್ 7ನೇ ತಲೆಮಾರಿನದು, ಹಾಗಾಗಿ ವಿಂಡೋಸ್ 11ಗೆ ಅಧಿಕೃತವಾಗಿ ದಾರಿ ಇಲ್ಲ. 2025ರ ಅಕ್ಟೋಬರ್ 14ಕ್ಕೆ 10ರ ಬೆಂಬಲವೂ ಮುಗಿದಿದೆ.

ಆಡೋದು: ಕೌಂಟರ್-ಸ್ಟ್ರೈಕ್ 2, ಜಿಟಿಎ 5, ವಿಚರ್ 3, ವ್ಯಾಲೊರಂಟ್.

ಯಾವ ಡಿಸ್ಟ್ರೋ (ಲಿನಕ್ಸ್‌ನ ಬಗೆ) ಹಾಕಿದರೆ ಒಳ್ಳೇದು? 400 ಜಿಬಿ ಮತ್ತೆ ಡೌನ್‌ಲೋಡ್ ಮಾಡಬೇಕಾ, ಇರೋ ಫೋಲ್ಡರ್‌ನೇ ತೋರಿಸಿದರೆ ಸಾಕಾ? ವ್ಯಾಲೊರಂಟ್‌ಗೆ ಏನಾದರೂ ಉಪಾಯ ಇದೆಯಾ?

ಟರ್ಮಿನಲ್_ತಿಮ್ಮ

ಕೊನೇ ಪ್ರಶ್ನೆ ಮೊದಲು, ಅದರ ಮೇಲೇ ಉಳಿದದ್ದು ನಿಂತಿದೆ. ವ್ಯಾಲೊರಂಟ್ ಓಡಲ್ಲ. ಅದರ ವ್ಯಾನ್‌ಗಾರ್ಡ್ (ಮೋಸದಾಟ ಹಿಡಿಯೋ ಸಾಫ್ಟ್‌ವೇರ್) ವಿಂಡೋಸ್ ಕರ್ನಲ್ ಒಳಗೇ, ಅಂದರೆ ಸಿಸ್ಟಮ್‌ನ ತಿರುಳಲ್ಲೇ, ಕೂರುವ ಡ್ರೈವರ್. ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸೋ ಸ್ಟೀಮ್‌ನ ಪ್ರೋಟಾನ್‌ನಲ್ಲಿ ಅಂಥ ಕರ್ನಲ್ಲೇ ಇರೋದಿಲ್ಲ. ವರ್ಚುವಲ್ ಮಷೀನ್‌ನಲ್ಲೂ ಬಿಡೋದಿಲ್ಲ. ಅದು ಬೇಕೇ ಬೇಕು ಅಂದರೆ ವಿಂಡೋಸ್ ಪಾರ್ಟಿಷನ್ ಅಳಿಸಬೇಡಿ, ಆ ಒಂದು ಗೇಮ್‌ಗೆ ಮಾತ್ರ ಬೂಟ್ ಮಾಡಿ, ಬ್ಯಾಂಕು ಮೇಲ್ ಎಲ್ಲ ಲಿನಕ್ಸ್ ಕಡೆ ಇಟ್ಟುಕೊಳ್ಳಿ.

ಕೌಂಟರ್-ಸ್ಟ್ರೈಕ್ 2ಗೆ ಲಿನಕ್ಸ್ ಆವೃತ್ತಿಯೇ ಇದೆ. ವಿಚರ್ 3 ಪ್ರೋಟಾನ್‌ನಲ್ಲಿ ಚೆನ್ನಾಗಿ ಓಡುತ್ತೆ, ಆದರೆ ಲಾಂಚರ್‌ನಲ್ಲಿ ಡೈರೆಕ್ಟ್‌ಎಕ್ಸ್ (ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆ) 11 ಆರಿಸಿ. 12 ಆರಿಸಿದರೆ ನಿಮ್ಮ ಪ್ಯಾಸ್ಕಲ್ (1050 ಟಿಐನ ತಲೆಮಾರು) ಕಾರ್ಡ್ ಏದುಸಿರು ಬಿಡುತ್ತೆ. 11ನ್ನು ಲಿನಕ್ಸ್‌ನಲ್ಲೂ ಓಡೋ ವಲ್ಕನ್ ಗ್ರಾಫಿಕ್ಸ್‌ಗೆ ತಿರುಗಿಸೋದು ಡಿಎಕ್ಸ್‌ವಿಕೆ, 12ನ್ನು ತಿರುಗಿಸೋದು ವಿಕೆಡಿ3ಡಿ-ಪ್ರೋಟಾನ್. ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಈ ಎರಡನೇ ದಾರಿಯಲ್ಲೇ ಫ್ರೇಮ್ ಹೆಚ್ಚು ಸೋರೋದು.

ಜಿಟಿಎ 5ರ ಲೆಗಸಿ ಆವೃತ್ತಿ ಹಾಕಿ, ಎನ್‌ಹ್ಯಾನ್ಸ್‌ಡ್ ನಿಮ್ಮ ಕಾರ್ಡ್‌ಗೆ ಅಲ್ಲ. ಕಥೆಯ ಮೋಡ್ ಸರಾಗ. ಆನ್‌ಲೈನ್ ಮರೆತುಬಿಡಿ: 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ (ಇದೂ ಮೋಸ ಹಿಡಿಯೋ ಸಾಫ್ಟ್‌ವೇರ್) ಸೇರಿಸಿದ ಮೇಲೆ ಲಿನಕ್ಸ್‌ನಿಂದ ಹೋದವರನ್ನು ಹೊರಗೆ ತಳ್ಳುತ್ತೆ. ಕಥೆ ಆಡುವಾಗ ರಾಕ್‌ಸ್ಟಾರ್ ಲಾಂಚರ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟಲ್‌ಐ ಟಿಕ್ ತೆಗೆದಿಡಿ.

ಡಿಸ್ಟ್ರೋ ವಿಷಯಕ್ಕೆ: ಯೂಟ್ಯೂಬ್‌ನಲ್ಲಿ ಎಲ್ಲರೂ ಹೇಳೋ ಆರ್ಚ್ ಮೂಲದವು ನಿಮಗೆ ಬೇಡ. ಪ್ಯಾಸ್ಕಲ್‌ಗೆ ಎನ್‌ವಿಡಿಯಾದ 580 ಸರಣಿಯ ಡ್ರೈವರ್ರೇ ಕೊನೆ. ಸದಾ ಹೊಸದಕ್ಕೆ ಹಾರುವ ಡಿಸ್ಟ್ರೋದಲ್ಲಿ ಒಂದು ಅಪ್‌ಡೇಟ್ ಆದಮೇಲೆ ಡ್ರೈವರ್ರೇ ಇಲ್ಲ ಅನ್ನೋ ಸ್ಥಿತಿ ಬರುತ್ತೆ. ಲಿನಕ್ಸ್ ಮಿಂಟ್ 22 ಹಾಕಿ. ಡ್ರೈವರ್ ಮ್ಯಾನೇಜರ್‌ನಲ್ಲಿ 580 ಎರಡು ಸಲ ಕಾಣಬಹುದು, ಒಂದರ ಹೆಸರಿನ ಕೊನೆಗೆ 'ಓಪನ್' ಅಂತಿರುತ್ತೆ. ಅದನ್ನು ಮುಟ್ಟಬೇಡಿ. ಓಪನ್ ಮಾಡ್ಯೂಲ್ ಕೆಲಸ ಮಾಡೋದು ಜಿಟಿಎಕ್ಸ್ 16 ಸರಣಿ ಮತ್ತು ಅದರ ಮುಂದಿನವಕ್ಕೆ. ನಿಮ್ಮ ಕಾರ್ಡ್‌ನಲ್ಲಿ ಅದು ಲೋಡೇ ಆಗಲ್ಲ, ಗೇಮೆಲ್ಲ ಇಂಟೆಲ್ ಗ್ರಾಫಿಕ್ಸ್ ಮೇಲೆ ಕುಂಟುತ್ತೆ.

ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತೆ. ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದನ್ನೇ ಕೊಡಬೇಕು. ಆ ಪರದೆ ಕೆಲವೇ ಸೆಕೆಂಡ್ ಇರುತ್ತೆ. ಗಮನಿಸದೆ ಬಿಟ್ಟರೆ ಡ್ರೈವರ್ ಇದ್ದೂ ಇಲ್ಲದ ಹಾಗೆ.

ಎಕ್ಸ್‌ಟಿ4_ಪುಟ್ಟಿ

400 ಜಿಬಿ ಪ್ರಶ್ನೆಗೆ ನಾನು ಹೇಳ್ತೀನಿ, ಏಕೆಂದರೆ ಬಹಳ ಜನ ಎಡವೋದು ಇಲ್ಲೇ.

ಎನ್‌ಟಿಎಫ್‌ಎಸ್ (ವಿಂಡೋಸ್‌ನ ಡಿಸ್ಕ್ ಫಾರ್ಮ್ಯಾಟ್) ಡಿಸ್ಕ್ ಅನ್ನೇ ಸ್ಟೀಮ್‌ಗೆ ತೋರಿಸಬೇಡಿ. ಪ್ರೋಟಾನ್ ಪ್ರತಿ ಗೇಮ್‌ಗೂ 'ಕಂಪ್ಯಾಟ್‌ಡೇಟಾ' ಅಡಿಯಲ್ಲಿ ಒಂದು ಪುಟ್ಟ ವಿಂಡೋಸ್ ಮನೆ ಕಟ್ಟುತ್ತೆ. ಅದರೊಳಗೆ 'ಸಿ:' 'ಝಡ್:' ಅಂತ ಕೋಲನ್ ಇರೋ ಹೆಸರಿನ ಲಿಂಕ್‌ಗಳಿರುತ್ತವೆ. ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಕೋಲನ್ ನಿಷಿದ್ಧ. ಹಾಗಾಗಿ ಒಂದೋ ಲಿಂಕೇ ಹುಟ್ಟಲ್ಲ, ಗೇಮ್ 'ರನ್ನಿಂಗ್' ಅಂತ ತೋರಿಸಿ ತಕ್ಷಣ ನಿಲ್ಲುತ್ತೆ. ಇಲ್ಲ ಅಂದರೆ ಮುಂದಿನ ಸಲ ವಿಂಡೋಸ್ ಬೂಟ್ ಆದಾಗ ಚೆಕ್‌ಡಿಸ್ಕ್ ಅದನ್ನು ದೋಷ ಅಂತ ಗುಡಿಸಿಹಾಕುತ್ತೆ.

ಮರು ಡೌನ್‌ಲೋಡ್ ಮಾತ್ರ ಬೇಡ. ಪ್ರೋಟಾನ್ ಓಡಿಸೋದು ಅದೇ ವಿಂಡೋಸ್ ಫೈಲ್‌ಗಳನ್ನೇ.

1. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಆನ್ ಇದ್ದರೆ ಶಟ್‌ಡೌನ್ ಅಂದರೂ ಅದು ಅರ್ಧ ನಿದ್ದೆ, ಲಿನಕ್ಸ್‌ನಲ್ಲಿ ಆ ಡಿಸ್ಕ್ ಓದಲು ಮಾತ್ರ ಸಿಗುತ್ತೆ, ಇಲ್ಲವೇ ಮೌಂಟೇ ಆಗಲ್ಲ (ತೆರೆಯೋದೇ ಇಲ್ಲ).

2. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 1 ಟಿಬಿ ಡಿಸ್ಕ್ ಕುಗ್ಗಿಸಿ, 450 ಜಿಬಿ ಖಾಲಿ ಬಿಡಿ. ಲಿನಕ್ಸ್ ಹಾಕುವಾಗ ಅದನ್ನು ಎಕ್ಸ್‌ಟಿ4 (ಲಿನಕ್ಸ್‌ನ ಫಾರ್ಮ್ಯಾಟ್) ಮಾಡಿ. ಲಿನಕ್ಸ್‌ನ ಮೂಲ ಪಾರ್ಟಿಷನ್‌ಗೆ ಎಸ್‌ಎಸ್‌ಡಿಯಲ್ಲಿ 50 ಜಿಬಿ ಇರಲಿ.

3. ಹೊಸ ಪಾರ್ಟಿಷನ್‌ನ ಮಾಲೀಕತ್ವ ರೂಟ್ (ಅಡ್ಮಿನ್ ಖಾತೆ) ಹೆಸರಲ್ಲಿರುತ್ತೆ. ಅದನ್ನು ನಿಮ್ಮ ಯೂಸರ್‌ಗೆ ವರ್ಗಾಯಿಸದಿದ್ದರೆ ಸ್ಟೀಮ್ 'ಬರೆಯಲಾಗುತ್ತಿಲ್ಲ' ಅನ್ನುತ್ತೆ. 'ಡಿಸ್ಕ್ಸ್' ಆ್ಯಪ್‌ನಲ್ಲಿ ಸಿಸ್ಟಮ್ ಶುರುವಾಗುವಾಗಲೇ ಮೌಂಟ್ ಆಗೋ ಆಯ್ಕೆ ಕೊಡಿ, ಇಲ್ಲದಿದ್ದರೆ ಒಂದು ದಿನ ಎಲ್ಲ ಗೇಮ್ ಅನ್‌ಇನ್‌ಸ್ಟಾಲ್ ಆದ ಹಾಗೆ ಕಾಣುತ್ತೆ.

4. ಸ್ಟೀಮ್‌ನ ಸಿಸ್ಟಮ್ ಪ್ಯಾಕೇಜ್ ಹಾಕಿ, ಫ್ಲ್ಯಾಟ್‌ಪ್ಯಾಕ್ (ಸಿಸ್ಟಮ್‌ನಿಂದ ಪ್ರತ್ಯೇಕವಾಗಿ ಓಡೋ ಪ್ಯಾಕೇಜ್) ಬೇಡ. ಅದಕ್ಕೆ ಬೇರೆ ಪಾರ್ಟಿಷನ್ ತೋರಿಸಲು ಅನುಮತಿಯ ಕಿರಿಕಿರಿ. ಸ್ಟೀಮ್ ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ಹೊಸ ಪಾರ್ಟಿಷನ್ ಸೇರಿಸಿ.

5. ಸ್ಟೀಮ್ ಮುಚ್ಚಿ, ಹಳೇ 'ಸ್ಟೀಮ್‌ಆ್ಯಪ್ಸ್ / ಕಾಮನ್' ಒಳಗಿನ ಗೇಮ್ ಫೋಲ್ಡರ್ ಅನ್ನು ಅದೇ ಹೆಸರಲ್ಲಿ ಹೊಸ 'ಕಾಮನ್'ಗೆ ಕಾಪಿ ಮಾಡಿ. ಮತ್ತೆ ಸ್ಟೀಮ್ ತೆರೆದು ಇನ್‌ಸ್ಟಾಲ್ ಒತ್ತಿ. ಇರೋ ಫೈಲ್‌ಗಳನ್ನು ತಾನೇ ಗುರುತಿಸಿ, ಕಮ್ಮಿ ಬಿದ್ದದ್ದನ್ನಷ್ಟೇ ಇಳಿಸಿಕೊಳ್ಳುತ್ತೆ.

ಕೌಂಟರ್-ಸ್ಟ್ರೈಕ್‌ಗೆ ಲಿನಕ್ಸ್ ಬೈನರಿಗಳು ಮಾತ್ರ ಇಳಿಯುತ್ತವೆ, ಮ್ಯಾಪ್ ಟೆಕ್ಸ್ಚರ್ ಎಲ್ಲ ಎರಡೂ ಕಡೆ ಒಂದೇ. ಆದರೆ ಲಿನಕ್ಸ್ ಆವೃತ್ತಿ ಇರೋ ಬೇರೆ ಯಾವುದನ್ನಾದರೂ ಪ್ರೋಟಾನ್‌ನಲ್ಲೇ ಆಡೋದಾದರೆ, ಇನ್‌ಸ್ಟಾಲ್‌ಗೆ ಮುಂಚೆ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ಪ್ರೋಟಾನ್ ಕಡ್ಡಾಯ ಮಾಡಿ.

ಸೇವ್‌ಗಳು: ವಿಚರ್‌ದು ಸ್ಟೀಮ್ ಕ್ಲೌಡ್‌ನಲ್ಲಿರುತ್ತೆ. ಜಿಟಿಎದು ಕೈಯಾರೆ ತನ್ನಿ. ವಿಂಡೋಸ್‌ನ ಡಾಕ್ಯುಮೆಂಟ್ಸ್‌ನಲ್ಲಿರೋ ರಾಕ್‌ಸ್ಟಾರ್ ಫೋಲ್ಡರ್ ಅನ್ನು ಕಂಪ್ಯಾಟ್‌ಡೇಟಾ ಒಳಗೆ 271590 ಸಂಖ್ಯೆಯ ಫೋಲ್ಡರ್‌ನ 'ಸ್ಟೀಮ್‌ಯೂಸರ್' ಡಾಕ್ಯುಮೆಂಟ್ಸ್‌ಗೆ ಹಾಕಿ. ಗೇಮ್ ಒಮ್ಮೆ ತೆರೆದು ಮುಚ್ಚಿದ ಮೇಲಷ್ಟೇ ಆ ಫೋಲ್ಡರ್ ಹುಟ್ಟೋದು. ಏನೋ ಕೆಟ್ಟಿತು ಅಂತ ಕಂಪ್ಯಾಟ್‌ಡೇಟಾ ಅಳಿಸೋಕೆ ಹೇಳೋರು ಬಹಳ, ಕ್ಲೌಡ್ ಇಲ್ಲದ ಸೇವ್ ಅದರ ಜೊತೆಗೇ ಹೋಗುತ್ತೆ ಅಂತ ಹೇಳೋರು ಕಮ್ಮಿ.

ಅಡ್ಡಮಾತು

ತಿಮ್ಮ ಅವರು ಹೇಳಿದ್ದೆಲ್ಲ ಸರಿ, ಆದರೂ 'ವಿಂಡೋಸ್‌ನಿಂದ ಬಿಡುಗಡೆ' ಅನ್ನೋ ಉತ್ಸಾಹಕ್ಕೆ ಸ್ವಲ್ಪ ಬ್ರೇಕ್ ಹಾಕ್ತೀನಿ. ವಾಲ್ವ್ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಬಿಟ್ಟಾಗಿನಿಂದ ಆಗಿರೋದು ಇಷ್ಟು: ಗೇಮ್ ಕಂಪನಿಗಳು ಈಗಲೂ ಬರೆಯೋದು ವಿಂಡೋಸ್‌ಗೇ, ಓಡಿಸೋಕೆ ಮಾತ್ರ ವಿಂಡೋಸ್ ಬೇಡ. ಒಬ್ಬನೇ ಆಡೋ ಗೇಮ್‌ಗೆ ಇದು ಧಾರಾಳ ಸಾಕು. ಆನ್‌ಲೈನ್‌ಗೆ ಸಾಲದು. ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್‌ಗೆ ಬೆಂಬಲ ಕೊಟ್ಟಿವೆ, ಆದರೆ ಸ್ವಿಚ್ ಇರೋದು ಗೇಮ್ ಕಂಪನಿ ಕೈಯಲ್ಲಿ. ಏಪೆಕ್ಸ್ ಲೆಜೆಂಡ್ಸ್ ವರ್ಷಗಟ್ಟಲೆ ಓಡಿ 2024ರ ಅಕ್ಟೋಬರ್ ಕೊನೆಗೆ ಲಿನಕ್ಸ್‌ಗೆ ಬಾಗಿಲು ಹಾಕಿತು. ಇವತ್ತು ಓಡುತ್ತೆ ಅಂತ ಆನ್‌ಲೈನ್ ಗೇಮ್‌ಗೆ ದುಡ್ಡು ಸುರಿಯಬೇಡಿ. ಒಬ್ಬನೇ ಆಡೋದಕ್ಕೆ ಪ್ರೋಟಾನ್‌ಡಿಬಿ, ಆನ್‌ಲೈನ್‌ಗೆ ಆರ್ ವಿ ಆ್ಯಂಟಿ-ಚೀಟ್ ಯೆಟ್ ಪಟ್ಟಿ ನೋಡಿಯೇ ಕೊಳ್ಳಿ.

ಇನ್ನೊಂದು, ಯಾರೂ ಹೇಳಿಲ್ಲ. ಡೆನ್ಯುವೊ (ನಕಲು ತಡೆಯೋ ವ್ಯವಸ್ಥೆ) ಇರೋ ಗೇಮ್‌ನಲ್ಲಿ ಪ್ರೋಟಾನ್ ಆವೃತ್ತಿ ಬದಲಿಸಿ ಬದಲಿಸಿ ನೋಡಬೇಡಿ. ಪ್ರತಿ ಬದಲಾವಣೆಯೂ ಅದರ ಲೆಕ್ಕದಲ್ಲಿ ಹೊಸ ಕಂಪ್ಯೂಟರ್, ಮಿತಿ ಮೀರಿದರೆ 24 ಗಂಟೆ ಬೀಗ.

ಕಡ್ಲೆಪುರಿ_1050

ಎಲ್ಲರಿಗೂ ಧನ್ಯವಾದ. ವಿಂಡೋಸ್ ಉಳಿಸಿಕೊಂಡು ಡ್ಯುಯಲ್ ಬೂಟ್ ಮಾಡ್ತೀನಿ. ಮಿಂಟ್ ಲೈವ್ ಯುಎಸ್‌ಬಿಯಲ್ಲಿ ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕಾಣ್ತಾನೇ ಇಲ್ಲ, ಹಾರ್ಡ್ ಡಿಸ್ಕ್ ಮಾತ್ರ ಕಾಣುತ್ತೆ. ಇನ್ನೊಂದು, ಗೇಮ್ ಶುರುವಾಗೋ ಮುಂಚೆ ಸ್ಟೀಮ್ 'ಪ್ರೊಸೆಸಿಂಗ್ ವಲ್ಕನ್ ಶೇಡರ್ಸ್' ಅಂತ ಬಹಳ ಹೊತ್ತು ನಿಲ್ಲುತ್ತಂತಲ್ಲ, ಆಫ್ ಮಾಡಬಹುದಾ?

ಟರ್ಮಿನಲ್_ತಿಮ್ಮ

ಎಸ್‌ಎಸ್‌ಡಿ ಕಾಣದ್ದಕ್ಕೆ: ಬಯಾಸ್‌ನಲ್ಲಿ (ಕಂಪ್ಯೂಟರ್ ಏಳುವಾಗಿನ ಸೆಟ್ಟಿಂಗ್ಸ್) ಸಾಟಾ ಮೋಡ್ (ಡಿಸ್ಕ್ ಜೋಡಣೆಯ ಆಯ್ಕೆ) ಇಂಟೆಲ್ ಆರ್‌ಎಸ್‌ಟಿ ಅಂತ ಇರಬೇಕು, ಎಎಚ್‌ಸಿಐ ಮಾಡಿ. ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ಹಾಕುತ್ತೆ. ಮೊದಲು ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್‌ನಲ್ಲಿ ಬಯಾಸ್‌ಗೆ ಹೋಗಿ ಬದಲಿಸಿ, ವಿಂಡೋಸ್ ಸೇಫ್ ಮೋಡ್‌ನಲ್ಲಿ ಒಮ್ಮೆ ಏಳಲಿ, ಆಮೇಲೆ ಟಿಕ್ ತೆಗೆಯಿರಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಆನ್ ಇದ್ದರೆ ರಿಕವರಿ ಕೀ ಮುಂಚೆಯೇ ಬರೆದಿಟ್ಟುಕೊಳ್ಳಿ.

ಶೇಡರ್ ಕೆಲಸ ಕಾಯೋಕಾಗದಿದ್ದರೆ 'ಸ್ಕಿಪ್' ಒತ್ತಿ, ನಷ್ಟ ಏನಿಲ್ಲ, ಮೊದಮೊದಲು ಒಂದೆರಡು ಕಡೆ ತಡವರಿಸಬಹುದು ಅಷ್ಟೇ. ಶೇಡರ್ ಪ್ರೀ-ಕ್ಯಾಶಿಂಗ್ (ಅವನ್ನು ಮುಂಚೆಯೇ ಸಿದ್ಧ ಮಾಡಿಡೋ ಆಯ್ಕೆ) ಪೂರ್ತಿ ಆಫ್ ಮಾಡಬೇಡಿ. ಪೇಟೆಂಟ್ ತಕರಾರಿನ ವಿಡಿಯೋಗಳನ್ನು ವಾಲ್ವ್ ಬೇರೆ ರೂಪಕ್ಕೆ ಪರಿವರ್ತಿಸಿ ಕಳಿಸೋದೂ ಅದೇ ದಾರಿಯಲ್ಲಿ. ಆಫ್ ಮಾಡಿದರೆ ಕೆಲವು ಗೇಮ್‌ಗಳಲ್ಲಿ ಕಥೆಯ ದೃಶ್ಯ ಬರಬೇಕಾದ ಕಡೆ ಟಿವಿಯ ಬಣ್ಣದ ಪಟ್ಟಿ ಬರುತ್ತೆ. ಹಾಗೇನಾದರೂ ಆದರೆ ಪ್ರೋಟಾನ್‌ಅಪ್-ಕ್ಯೂಟಿ ಆ್ಯಪ್‌ನಿಂದ ಜಿಇ-ಪ್ರೋಟಾನ್ (ವಾಲ್ವ್ ಅಲ್ಲದ ಹೊರಗಿನವರ ಪ್ರೋಟಾನ್ ಆವೃತ್ತಿ) ಹಾಕಿ, ಆ ಗೇಮ್‌ಗೆ ಮಾತ್ರ ಅದನ್ನು ಆರಿಸಿ.